ಅತ್ತೆ ಬಂದರೆ ನಿಲ್ಲುವ ಮಿಕ್ಸಿ

ನಮ್ಮತ್ತೆ ಅಡುಗೆಮನೆಗೆ ಕಾಲಿಟ್ಟರೆ ಸಾಕು, ಮಿಕ್ಸಿ ನಿಂತುಹೋಗುತ್ತದೆ. ಅವರು ತಮ್ಮ ಕತ್ತಲೆ ರೂಮಿಗೆ ಮರಳಿದರೆ ಮತ್ತೆ ತಿರುಗುತ್ತದೆ. ನನಗಂತೂ ತಲೆಬುಡ ಗೊತ್ತಾಗಲಿಲ್ಲ. ಮಿಕ್ಸಿ ರಿಪೇರಿಗೆ ಕೊಟ್ಟು ತಂದರೂ ಮತ್ತದೇ ರಾಗ.

ಕೊನೆಗೆ ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿ, ವೈರಿನ ಜಾಡು ಹಿಡಿದು ಅತ್ತೆಯ ರೂಮಿಗೇ ಹೋದ. "ಇದಕ್ಕೆ ಕರೆಂಟು ಬರ್ತಿರೋದು ಈ ರೂಮಿನ ಲೈಟಿನ ಸ್ವಿಚ್ಚಿಂದ. ಲೈಟು ಆರಿಸಿದ್ರೆ ಸಾಕೆಟ್ಟೂ ಆಫ್. ಯಾವ ಪುಣ್ಯಾತ್ಮ ಹೀಗೆ ಎಳೆದಿದ್ದು?"

ನನ್ನ ಗಂಡ ಫ್ಯಾನು ನೋಡುತ್ತ ನಿಂತರು.

ಅತ್ತೆಯೋ, ಲೈಟು ಆರಿಸದೆ ರೂಮು ಬಿಟ್ಟವರೇ ಅಲ್ಲ.

"ಅತ್ತೆ, ವೈರು ಸರಿಹೋಗೋವರೆಗೂ ನಿಮ್ಮ ಲೈಟು ಆರಿಸಲೇಬೇಡಿ," ಅಂದೆ.

ಅವರ ಮುಖ ಸಪ್ಪಗಾಯಿತು. "ನಾನು ಈಚೆ ಬರೋದೇ ಬೇಡ ಅಂತ ನೇರವಾಗಿ ಹೇಳಮ್ಮ."