ಫುಲ್ಲು

ಗುಮ್ಮಳಾಪುರದ ಗೋಪಾಲಪ್ಪನನ್ನು ಪೆದ್ದ ಎನ್ನಲು ಊರಿನಲ್ಲಿ ಯಾರೂ ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. ಬೇರಿಕೆ ಸಂತೆಗೆಂದು ಅವರೆಕಾಯಿ ಹೊತ್ತು ಹೊರಟವನು ದಾರಿಯಲ್ಲಿ ಕೇಳಿದವರಿಗೆಲ್ಲ ಕೊಟ್ಟು ಖಾಲಿ ಚೀಲದೊಂದಿಗೆ ಮನೆಗೆ ಬಂದಿದ್ದನೆಂಬ ಕತೆಯನ್ನು ಅವನ ಸ್ವಂತ ಅಕ್ಕನೇ ಮದುವೆ ಮನೆಗಳಲ್ಲಿ ಹೇಳಿ ನಗಿಸುತ್ತಿದ್ದಳು. ಆ ಅಕ್ಕನ ಮಗಳು ಚಂದ್ರಲೇಖಾ ಈ ನಗುವಿನ ನಡುವೆಯೇ ಬೆಳೆದಳು. ಅದೇ ಸೋದರಮಾವ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಡೆಂಕಣಿಕೋಟೆಗೆ ಡ್ರಾಯಿಂಗ್ ಪರೀಕ್ಷೆಗೆ ಕರೆದೊಯ್ದದ್ದು, ಪರೀಕ್ಷೆ ಮುಗಿಯುವವರೆಗೆ ಅವಳ ಬುತ್ತಿ ಹಿಡಿದು ಗೇಟಿನ ಹೊರಗೆ ನಿಂತದ್ದು ಬೇರೆ ಮಾತು. ಅದನ್ನು ಯಾರೂ ಕತೆ ಮಾಡಿ ಹೇಳಲಿಲ್ಲ.

ಈಗ ಚಂದ್ರಲೇಖಾ ಹೊಸೂರಿನಲ್ಲಿ ಒಂದು ಶೆಡ್ಡು ಹಿಡಿದು, ಮರದ ಹಲಗೆಯಲ್ಲಿ ಅಚ್ಚು ಕೊರೆದು, ಚಿತ್ರ ಮುದ್ರಿಸುತ್ತಾಳೆ. ಅವಳ ಚಿತ್ರಗಳನ್ನು ಮಾರಿಕೊಡುವ ಅನಿರುದ್ಧ, ಟ್ಯಾರೋ ಚಿತ್ರಗಳಿಗೆ ಸಂಗ್ರಹಕಾರರು ಮುಗಿಬೀಳುತ್ತಾರೆ, ಅವನ್ನು ಮಾಡು ಎಂದಿದ್ದ. ಟ್ಯಾರೋ ಎಂದರೆ ಭವಿಷ್ಯ ಹೇಳಲು ಪರದೇಶದವರು ಬಳಸುವ ಚಿತ್ರದೆಲೆಗಳು. ನಮ್ಮ ಗಿಣಿಶಾಸ್ತ್ರದವನ ಚೀಟಿಗಳಿಗೆ ದೂರದ ನೆಂಟರು. ನಿನ್ನ ಊರಿನವರ ಮುಖ ಹಾಕು, ಅದು ಯಾರ ಹತ್ತಿರವೂ ಇರುವುದಿಲ್ಲ ಎಂದೂ ಅವನೇ ಹೇಳಿಕೊಟ್ಟ. ಆ ಎಲೆಗಳಲ್ಲಿ ಒಂದು, ಕೋಲಿಗೆ ಗಂಟು ಕಟ್ಟಿ ಹೆಗಲಿಗೇರಿಸಿ, ಆಕಾಶ ನೋಡುತ್ತಾ, ಮುಂದಿನ ಪ್ರಪಾತ ಕಾಣದೆ ನಡೆಯುವ ಒಬ್ಬ ಮನುಷ್ಯನದು. ಕಾಲ ಬಳಿ ಒಂದು ನಾಯಿ. ಮೇಲೆ ಸೊನ್ನೆ, ಕೆಳಗೆ ಇಂಗ್ಲಿಷಿನಲ್ಲಿ 'ದಿ ಫೂಲ್' ಎಂದು ಹೆಸರು. ರಾಗಿ ಹೊಲಕ್ಕೆ ಆನೆ ಕಾಯಲು ಗೋಪಾಲಪ್ಪ ಹೋಗುತ್ತಿದ್ದುದು ಥೇಟ್ ಹಾಗೆಯೇ. ಬೇರೆ ಮುಖ ಹುಡುಕುವ ಕಷ್ಟವನ್ನು ಅವಳು ತೆಗೆದುಕೊಳ್ಳಲಿಲ್ಲ.

ತಿಳಿದವರ ಪ್ರಕಾರ ಆ ಎಲೆ ಬೈಗುಳವಲ್ಲ. ಕಪಟವಿಲ್ಲದವನು, ಹೊಸ ದಾರಿ ಹಿಡಿದವನು ಎಂದೆಲ್ಲ ಅದಕ್ಕೆ ಅರ್ಥವಿದೆ. ಪ್ರದರ್ಶನದಲ್ಲಿ ಅವಳೂ ಹಾಗೆಂದೇ ವಿವರಿಸಿ ಚಪ್ಪಾಳೆ ಗಿಟ್ಟಿಸಿದಳು. ಆದರೆ ಮಾವನ ತೆರೆದ ಬಾಯಿಯನ್ನು ಕೊರೆಯುವಾಗ ಒಬ್ಬಳೇ ಕಿಸಕ್ಕನೆ ನಕ್ಕಿದ್ದಳಲ್ಲ, ಆ ನಗುವಿಗೆ ಅಂಥ ದೊಡ್ಡ ಅರ್ಥವೇನೂ ಇರಲಿಲ್ಲ. ಅದು ಅವಳ ಅಮ್ಮನ ನಗು.

ಅರವತ್ತೇ ಪ್ರತಿ ತೆಗೆದು, ಒಂದೊಂದಕ್ಕೂ ಪೆನ್ಸಿಲಿನಲ್ಲಿ ಸಂಖ್ಯೆ ಬರೆದು, ಇನ್ನು ಯಾರೂ ಮುದ್ರಿಸಬಾರದೆಂದು ಅಚ್ಚಿನ ಮೇಲೆ ಅಡ್ಡಗೀಟು ಕೊರೆದದ್ದಾಯಿತು. ಇದು ಆ ಕಸುಬಿನ ನಿಯಮ. ಪ್ರತಿಗಳೆಲ್ಲ ಕಂಡವರ ಗೋಡೆ ಸೇರಿದವು. ಒಂದನೇ ಸಂಖ್ಯೆಯದನ್ನು ಮಾತ್ರ ಅವಳು ಕಟ್ಟು ಹಾಕಿಸಿ ಗುಮ್ಮಳಾಪುರಕ್ಕೆ ಒಯ್ದಳು. ಒಳಗೆ ಏನೋ ಚುಚ್ಚುತ್ತಿತ್ತು. ಕೊಟ್ಟರೆ ಹಗುರಾದೀತು ಅಂದುಕೊಂಡಳು.

ಗೋಪಾಲಪ್ಪ ಚಿತ್ರವನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡ. ತನ್ನ ನಾಯಿಯ ಕಿವಿ ಸೀಳಿದ್ದನ್ನೂ ಬಿಡದೆ ಬರೆದಿದ್ದಾಳೆಂದು ಹೆಂಡತಿ ಗಂಗರತ್ನಮ್ಮನನ್ನು ಕರೆದು ತೋರಿಸಿದ. ಅವನಿಗೆ ಅಂಕಿ ಗೊತ್ತು, ಬಸ್ಸಿನ ಮೇಲಿನ ತಮಿಳು ಗೊತ್ತು, ಇಂಗ್ಲಿಷ್ ಗೊತ್ತಿಲ್ಲ. ಕೆಳಗಿನ ಅಕ್ಷರದ ಮೇಲೆ ಬೆರಳಿಟ್ಟು ಕೇಳಿದ:

"ಏನಂತ ಬರ್ದಿದ್ದೀಯವ್ವಾ ಇಲ್ಲಿ?"

ಫೂಲ್ ಎಂಬ ಮಾತು ತಿಳಿಯಲು ಇಂಗ್ಲಿಷ್ ಬರಬೇಕೆಂದಿಲ್ಲ, ಕುರಿ ಕಾಯುವವನಿಗೂ ಗೊತ್ತು. ಅರ್ಥ ಬಿಡಿಸಿ ಹೇಳೋಣವೆಂದು ಬಾಯಿ ತೆರೆದವಳಿಗೆ ಮಾವನ ಕಣ್ಣು ನೋಡಿ ಧೈರ್ಯ ಸಾಲಲಿಲ್ಲ.

"ಫುಲ್ಲು ಅಂತ ಮಾವ," ಅಂದುಬಿಟ್ಟಳು. "ಅಂದ್ರೆ ತುಂಬಿದೋನು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೋಪಾಲಪ್ಪ, ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರಲ್ಲ, ಅದಕ್ಕೇ ಮೇಲೆ ಕೊಡದ ಬಾಯಿಯ ಹಾಗೆ ದುಂಡಗೆ ಸೊನ್ನೆ ಹಾಕಿದ್ದಾಳೆ ಎಂದು ಹೆಂಡತಿಗೆ ತಾನೇ ಅರ್ಥ ಹೇಳಿದ. ಜೀವಮಾನದಲ್ಲಿ ಒಬ್ಬರೂ ಅವನನ್ನು ಅಂಥ ಮಾತಿನಿಂದ ಕರೆದಿರಲಿಲ್ಲ. ಮಾರನೆಯ ದಿನ ಟೀ ಅಂಗಡಿಯಲ್ಲಿ ನಾನು ಫುಲ್ಲು ಎಂದ. ಬೆಳ್ಳಂಬೆಳಿಗ್ಗೆಯೇ ಫುಲ್ಲಾ ಎಂದು ಅಲ್ಲಿದ್ದವರು ಕುಡಿದವನಂತೆ ತೂರಾಡಿ ತೋರಿಸಿ ನಕ್ಕರು. ಹೆಂಡ ಮುಟ್ಟದ ಅವನೂ ಅವರ ಜತೆ ನಕ್ಕ.

ಅವನ ಮಗಳು ಪವಿತ್ರ ಹೊಸೂರಿನ ಫ್ಯಾಕ್ಟರಿಗೆ ಹೋಗುವವಳು, ಓದು ಬಲ್ಲವಳು. ಅವಳು ಚಿತ್ರ ತಂದ ದಿನವೇ ಚಂದ್ರಲೇಖಾಳನ್ನು ಹಿತ್ತಲಿಗೆ ಕರೆದಿದ್ದಳು. ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು.

"ಅಪ್ಪ ಅದನ್ನ ಪಡಸಾಲೇಲೇ ಹಾಕ್ತೀನಿ ಅಂತೈತೆ. ನನ್ನ ನೋಡಾಕೆ ಹುಡುಗನ ಕಡೆಯೋರು ಬರೋದ್ರೊಳಗೆ ನೀನೇ ಹೇಳ್ಬುಡು ಅಕ್ಕ. ನನ್ ಕೈಲಾಗಾಕಿಲ್ಲ."

ಹೇಳುತ್ತೇನೆಂದು ಚಂದ್ರಲೇಖಾ ಮಾತು ಕೊಟ್ಟಳು. ಹೇಳಲೆಂದೇ ಮತ್ತೆ ಮತ್ತೆ ಬಂದಳು. ಬಂದಾಗಲೆಲ್ಲ ಮಾವ ಚಿತ್ರದ ಗಾಜು ಒರೆಸಿಕೊಂಡೇ ಇರುತ್ತಿದ್ದ. ಅವಳು ಅತ್ತೆ ಕೊಟ್ಟ ಕಾಫಿ ಕುಡಿದು, ಆನೆಯ ಕಾಟದ ಬಗ್ಗೆ ಕೇಳಿ ಹಿಂತಿರುಗುತ್ತಿದ್ದಳು. ಆನೆ ಹೊಲದ ಆಚೆ ಬದುವಿನಲ್ಲಿ ಒಂದು ಕಡ್ಡಿ ಮುರಿದರೂ ಮಾವನಿಗೆ ಅಟ್ಟಣೆಯ ಮೇಲೆ ಎಚ್ಚರವಾಗುತ್ತದೆ, ಅಂಥ ಕಿವಿ ಸೀಮೆಯಲ್ಲಿಲ್ಲ ಎಂದು ಅತ್ತೆ ಹೊಗಳುತ್ತಿದ್ದಳು.

ಹುಡುಗನ ಕಡೆಯವರು ಬಂದೇಬಿಟ್ಟರು. ಹುಡುಗನ ತಂದೆ ನಾರಾಯಣಸ್ವಾಮಿ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಎಲ್ಲವನ್ನೂ ಗಟ್ಟಿಯಾಗಿ ಓದುವ ಚಾಳಿಯವರು. ಕ್ಯಾಲೆಂಡರ್ ಓದಿದರು, ಗಡಿಯಾರದ ಮೇಲಿನ ಹೆಸರು ಓದಿದರು. ಆಮೇಲೆ ಚಿತ್ರದ ಮುಂದೆ ನಿಂತು, ಓದಿ, ಗೋಪಾಲಪ್ಪನ ಮುಖವನ್ನೂ ಚಿತ್ರವನ್ನೂ ನೋಡಿ ನಗು ತಡೆಯಲಾರದೆ ಹೋದರು. ಇದೇನು, ಮನೆ ಯಜಮಾನರನ್ನೇ ಫೂಲ್ ಎಂದು ಬರೆದು ತೂಗುಹಾಕಿದ್ದೀರಿ ಎಂದು ಕೇಳಿದರು. ಅವರ ಹಿಂದಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಗೋಪಾಲಪ್ಪನಿಗೆ ಸಿಟ್ಟೇನೂ ಬರಲಿಲ್ಲ. ಓದಿದವರು ಕೂಡ ತಪ್ಪು ಓದುತ್ತಾರಲ್ಲ ಎಂದು ಅವನಿಗೆ ಮರುಕವೇ ಆಯಿತೇನೋ.

"ಫೂಲ್ ಅಲ್ಲ ಸ್ವಾಮಿ, ಫುಲ್ಲು," ಎಂದ. "ಬರ್ದೋಳು ಇಲ್ಲೇ ಅವಳೆ, ಕೇಳಿ."

ಎಲ್ಲರ ಕಣ್ಣೂ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಚಂದ್ರಲೇಖಾಳ ಮೇಲೆ ಬಿದ್ದವು. ಒಂದು ಮಾತು ಸಾಕಿತ್ತು. ನಿಜವಾದರೂ ಸರಿ, ಸುಳ್ಳಾದರೂ ಸರಿ. ಅವಳಿಗೆ ಎರಡೂ ಬರಲಿಲ್ಲ. ನಾಚಿಕೆಯಿಂದ ಕಿವಿಯ ತುದಿ ಸುಡುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪವಿತ್ರ ಒಳಕೋಣೆಯಿಂದ ತನ್ನನ್ನು ನೋಡುತ್ತಿದ್ದಾಳೆಂದು ತಿರುಗದೆಯೂ ಅವಳಿಗೆ ಗೊತ್ತಿತ್ತು.

ಗೋಪಾಲಪ್ಪ ಅಕ್ಕನ ಮಗಳ ಮುಖವನ್ನು ನೋಡಿದ. ಮತ್ತೊಮ್ಮೆ ನೋಡಿದ. ಮುಖದ ಮೇಲಿನ ನಗು ಮೆಲ್ಲನೆ ಇಳಿಯಿತು. ಅವನಿಗೆ ಎಲ್ಲ ತಿಳಿದುಹೋಯಿತು.

"ಮಗಾ ಸರ್ಯಾಗೇ ಹೇಳಿತ್ತು," ಎಂದು ಬಂದವರ ಕಡೆ ತಿರುಗಿದ. "ನಾನೇ ತಪ್ಪು ಕೇಳಿಸ್ಕೊಂಡಿವ್ನಿ. ನಂಗೆ ಕಿವಿ ಮಂದ ಸ್ವಾಮಿ, ಸರ್ಯಾಗಿ ಕೇಳ್ಸಾಕಿಲ್ಲ."

ಗಂಗರತ್ನಮ್ಮ ಗಂಡನ ಮುಖ ನೋಡಿದಳು. ನಾರಾಯಣಸ್ವಾಮಿ ತಕ್ಷಣ ಗಂಭೀರವಾದರು. ವಯಸ್ಸಾದ ಮೇಲೆ ಅದೆಲ್ಲ ಇದ್ದದ್ದೇ ಎಂದು ಅವನ ಕಿವಿಯ ಹತ್ತಿರ ಬಗ್ಗಿ ಕೂಗಿ ಹೇಳಿದರು. ಮಾತುಕತೆ ಮುಂದುವರಿಯಿತು, ಸಂಬಂಧವೂ ಕುದುರಿತು.

ಹೇಳಿದ ಮಾತನ್ನು ಉಳಿಸಿಕೊಳ್ಳಬೇಕಲ್ಲ! ಅಂದಿನಿಂದ ಬೀಗರ ಎದುರಿಗೆಲ್ಲ ಗೋಪಾಲಪ್ಪ ಕಿವುಡನಾದ. ಫೋನು ಬಂದರೆ ಆಂ ಆಂ ಎನ್ನುತ್ತಿದ್ದ. ಚಂದ್ರಲೇಖಾ ಒಮ್ಮೆ ಕಾಲು ಹಿಡಿದುಕೊಳ್ಳಲೆಂದೇ ಹೊಲಕ್ಕೆ ಹೋದಳು. ಮಾವ ಎಂದು ಮೆಲ್ಲಗೆ ಕರೆದಳು. ಕಡ್ಡಿ ಮುರಿದರೆ ಏಳುವ ಮನುಷ್ಯ ತಿರುಗಿ ನೋಡದೆ ರಾಗಿಯ ಕಳೆ ಕೀಳುತ್ತಲೇ ಇದ್ದ. ಅಲ್ಲಿ ಬೀಗರು ಯಾರೂ ಇರಲಿಲ್ಲ. ಅವಳು ಬದುವಿನ ಮೇಲೆ ಸ್ವಲ್ಪ ಹೊತ್ತು ಅತ್ತು ಮನೆಗೆ ಬಂದಳು.

ಪವಿತ್ರಳ ಮದುವೆಯಲ್ಲಿ ಗಂಡಿನ ಕಡೆಯವರೆಲ್ಲ ಗೋಪಾಲಪ್ಪನ ಕಿವಿಗೆ ಬಾಯಿಟ್ಟು ಕೂಗುತ್ತಿದ್ದರು. ಅವನು ಅಂಗೈಯನ್ನು ಕಿವಿಗೆ ಹಿಡಿದು ತಲೆಯಾಡಿಸುತ್ತಿದ್ದ. ಪಂಕ್ತಿಯಲ್ಲಿ ಬಡಿಸುತ್ತಾ ಬಂದ ಚಂದ್ರಲೇಖಾ ಅವನ ಎಲೆಯ ಮುಂದೆ ನಿಂತಳು. ನಾರಾಯಣಸ್ವಾಮಿ ಪಕ್ಕದಲ್ಲೇ ಕುಳಿತಿದ್ದರು. ಅವರು, ಜೋರಾಗಿ ಕೇಳಮ್ಮ, ಪಾಪ, ಕೇಳಿಸುವುದಿಲ್ಲ ಎಂದರು. ಅವಳು ಬಗ್ಗಿ, ಎಲ್ಲರೆದುರು ಕೂಗಿದಳು.

"ಮಾವ, ಊಟ ಆಯ್ತಾ?"

ಗೋಪಾಲಪ್ಪ ತಲೆಯೆತ್ತಿ ಅವಳನ್ನು ನೇರವಾಗಿ ನೋಡಿದ. ಆಮೇಲೆ ಹೊಟ್ಟೆ ಸವರಿಕೊಂಡು, ಪಂಕ್ತಿಗೆಲ್ಲ ಕೇಳುವಂತೆ ಹೇಳಿದ:

"ಫುಲ್ಲು ಕಣವ್ವ."

ಸುತ್ತಲಿದ್ದವರೆಲ್ಲ ನಕ್ಕರು. ಚಂದ್ರಲೇಖಾ ಪಾಯಸದ ಬಕೆಟ್ಟು ಎತ್ತಿಕೊಂಡು, ತಲೆ ಬಗ್ಗಿಸಿಯೇ ಮುಂದಿನ ಎಲೆಗೆ ಹೋದಳು.