ಎಡಗೈಯ ಪಂಕ್ತಿ

ನೇತ್ರಾವತಿ ಎಡಚಿ. ಆದರೆ ಅವಳ ತಾಯಿ ಫಕೀರಮ್ಮನನ್ನು ಕೇಳಿದ್ದರೆ ಈ ವಿಷಯ ನಿಮಗೆ ತಿಳಿಯುತ್ತಲೇ ಇರಲಿಲ್ಲ. "ಸಣ್ಣಾಕಿದ್ದಾಗ ಇತ್ತರಿ, ಈಗ ಹೋಗೇತಿ" ಎಂದು ಮಾತು ಮುಗಿಸುತ್ತಿದ್ದಳು, ಮಗಳಿಗೆ ಇದ್ದದ್ದು ಕೈಯಲ್ಲ, ಕೆಮ್ಮು ಎಂಬಂತೆ.

ಮರಳಿ ಎಂಬ ಊರಿನ ಗದ್ದೆಗಳಿಗೆ ತಾಯಿ ಮಗಳು ನಾಟಿಗೆ ಹೋಗುತ್ತಿದ್ದಾಗ ಆ ಎಡಗೈ ಯಾರ ಕಣ್ಣಿಗೂ ಚುಚ್ಚಲಿಲ್ಲ. ಸಸಿ ನೆಟ್ಟಗೆ ನಿಂತರೆ ಸಾಕು, ದುಡಿಸಿಕೊಳ್ಳುವವರಿಗೆ ಯಾವ ಕೈಯಾದರೇನು? ಮಡಿ ಮೈಲಿಗೆಯೆಲ್ಲ ನೆನಪಾಗುವುದು ಊಟದ ಹೊತ್ತಿಗೇ. ಒಂದು ಮದುವೆಯ ಪಂಕ್ತಿಯಲ್ಲಿ ನೇತ್ರಾವತಿ ಹುಗ್ಗಿ ನೀಡಲು ನಿಂತಾಗ ಸೋದರತ್ತೆ ಹನುಮಕ್ಕ ಓಡಿಬಂದು ಕೈಯಿಂದ ಸೌಟು ಕಿತ್ತುಕೊಂಡಳು.

"ಎಡಗೈಲೆ ನೀಡ್ತಾರೇನ? ನಮ್ಮ ಮರ್ಯಾದಿ ಕಳೀಬ್ಯಾಡ, ಒಳಗ ನಡಿ!"

ಫಕೀರಮ್ಮ ಅಲ್ಲೇ ನೀರಿನ ಜಗ್ಗು ಹಿಡಿದು ನಿಂತಿದ್ದಳು. ತುಟಿ ಪಿಟಕ್ಕೆನ್ನಲಿಲ್ಲ. ನೇತ್ರಾವತಿಗೆ ಅತ್ತೆಯ ಮೇಲಿದ್ದ ಸಿಟ್ಟು ವಾರದೊಳಗೆ ಇಳಿಯಿತು. ಅವ್ವ ಸುಮ್ಮನೆ ನಿಂತದ್ದು ಮಾತ್ರ ಮನಸ್ಸಿನಿಂದ ಹೋಗಲೇ ಇಲ್ಲ. ನಾಲ್ಕು ಮಂದಿಯ ಎದುರು ಅವ್ವ ಒಂದು ಸಲ, ಒಂದೇ ಒಂದು ಸಲ, ಈ ಕೈಯ ಪರವಾಗಿ ಮಾತಾಡಬೇಕು ಎಂದು ನೇತ್ರಾವತಿ ಕಾಯುತ್ತ ಬಂದಳು.

ಈಗ ಅವಳು ಭಾಗ್ಯನಗರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರು. ಜಿಲ್ಲೆಯ ಡ್ರಾಯಿಂಗ್ ಮಾಸ್ತರರೆಲ್ಲ ಸೇರಿ ಕೊಪ್ಪಳದಲ್ಲಿ ಚಿತ್ರ ಪ್ರದರ್ಶನ ಇಡುತ್ತೇವೆಂದಾಗ, ತಾನು ಮರದಚ್ಚಿನ ಚಿತ್ರ ಮಾಡುತ್ತೇನೆಂದಳು. ಹಲಗೆ ಕೆತ್ತಿ, ಮಸಿ ಹಚ್ಚಿ, ಮೇಲೆ ಕಾಗದ ಒತ್ತಿ ತೆಗೆಯುವ ಚಿತ್ರ. ವಿಷಯಕ್ಕಾಗಿ ಅವಳು ತಲೆ ಕೆರೆದುಕೊಳ್ಳಬೇಕಾಗಿರಲಿಲ್ಲ. ಉಣ್ಣಲು ಕೂತವರ ಸಾಲು, ಎದುರಿಗೆ ಬಗ್ಗಿ ನೀಡುವ ಹೆಂಗಸರ ಸಾಲು. ಎಲ್ಲರ ಸೌಟೂ ಬಲಗೈಯಲ್ಲಿ, ನಡುವಿನ ಒಬ್ಬಳದು ಮಾತ್ರ ಎಡಗೈಯಲ್ಲಿ. ಹನುಮಕ್ಕನ ದೊಡ್ಡ ಮೂಗುತಿಯನ್ನೂ ಬಿಡದೆ ಕೆತ್ತಿದಳು. ಬಡಿಗೇರ ಅಂಗಡಿಯಿಂದ ತಂದ ಹಲಗೆಯ ಚೂರು ಅಡುಗೆಮನೆ ತನಕ ಹಾರಿತು.

ಅಚ್ಚಿನಲ್ಲಿ ಎಲ್ಲ ಉಲ್ಟಾ ಆಗುತ್ತದೆಂದು ಮಕ್ಕಳಿಗೆ ಪಾಠ ಹೇಳುವವಳೇ ಅವಳು. ಅದಕ್ಕೇ ಮೂಲೆಯಲ್ಲಿ ತನ್ನ ಹೆಸರನ್ನು ಜಾಣತನದಿಂದ ತಿರುಗಿಸಿ ಕೆತ್ತಿದ್ದಳು.

ಪ್ರದರ್ಶನದ ಹಿಂದಿನ ದಿನ, ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ಸಿನಿಂದ ಕೇಳಿ ತಂದ ಮಸಿಯನ್ನು ಹಲಗೆಗೆ ಹಚ್ಚಿ ಕಾಗದ ಹಾಸಿದಳು. ತಾಯಿ ಒಂದು ಕಡೆ, ಮಗಳು ಒಂದು ಕಡೆ ಕೂತು ಚಮಚದ ಬೆನ್ನಿನಿಂದ ಉಜ್ಜಿದರು. ಕಾಗದ ಎತ್ತಿದರೆ ಹೆಸರು ನೆಟ್ಟಗೆ ಬಂದಿತ್ತು. ಆದರೆ ಹೆಂಗಸರು? ಸಾಲಿಗೆ ಸಾಲೇ ಎಡಗೈಯಲ್ಲಿ ನೀಡುತ್ತಿತ್ತು. ನಡುವಿನ ಅವಳೊಬ್ಬಳೇ ಬಲಗೈಯವಳು.

"ಹೆಸರು ನೆನಪಿತ್ತು, ಕೈ ಮರೆತೆ ನೋಡವ್ವಾ" ಎಂದು ನೇತ್ರಾವತಿ ನೆಲಕ್ಕೆ ಕೂತುಬಿಟ್ಟಳು. ಕೆತ್ತಿದ ಮರ ಮತ್ತೆ ತುಂಬಿಕೊಳ್ಳುವುದಿಲ್ಲ. ಇನ್ನೊಂದು ಹಲಗೆ ಕೆತ್ತಲು ಹೊತ್ತೂ ಇಲ್ಲ. ಅವಳಿಗೆ ಅಳುವೇ ಬಂತು.

ಫಕೀರಮ್ಮ ಕಾಗದವನ್ನು ಹತ್ತಿರ ಎಳೆದುಕೊಂಡು ನೋಡಿದಳು. ನೋಡುತ್ತ ನೋಡುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಮ್ಮ ಹನುಮಕ್ಕ ಸೈತ ಎಡಚಿ ಆಗ್ಯಾಳಲ್ಲೇ!" ಎಂದು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಅವಳ ಬೆರಳು ನಡುವಿನವಳ ಮೇಲೆ ಬಂದು ನಿಂತಿತು.

"ಇಷ್ಟು ಮಂದ್ಯಾಗ ಇಕಿ ಒಬ್ಬಾಕೀನ ಬ್ಯಾರೆ ಅದಾಳ. ಇಕಿ ಕೈಯಾಗಿನ ಸೌಟ ಯಾರೂ ಕಸಗೊಂಡಿಲ್ಲ ನೋಡ."

ನೇತ್ರಾವತಿ ತಲೆ ಎತ್ತಿ ಅವ್ವನನ್ನು ನೋಡಿದಳು.

"ನಾವು ಕಸಗೊಂಡ್ವಿ" ಎಂದಳು ಫಕೀರಮ್ಮ, ಚಿತ್ರದಿಂದ ಕಣ್ಣು ತೆಗೆಯದೆ. "ಹಿಂಗ ಇರಲಿ. ಹಿಂಗ ಒಯ್ಯಿ."

ನೇತ್ರಾವತಿಗೆ ಅಷ್ಟೇ ಸಾಕೆನಿಸಬೇಕಿತ್ತು. ಸಾಕೆನಿಸಲಿಲ್ಲ. ನಾಲ್ಕು ಗೋಡೆಯೊಳಗೆ ಹೇಳುವುದು ಬೇರೆ, ಮಂದಿಯ ಮುಂದೆ ಹೇಳುವುದು ಬೇರೆ.

ಮರುದಿನ ಕೊಪ್ಪಳದ ಸಭಾಂಗಣ ತುಂಬಿತ್ತು. ಬೀಗರು ಬಿಜ್ಜರು ಎಲ್ಲ ಬಂದಿದ್ದರು. ಹನುಮಕ್ಕ ಬಾರದಿರುತ್ತಾಳೆಯೇ? ಚಿತ್ರದ ಮುಂದೆ ನಿಂತು ಮೂಗುತಿಯ ಗುರುತು ಹಿಡಿದೇಬಿಟ್ಟಳು.

"ಇದು ನಾನಲ್ಲೇನ? ನನ್ನ ಕೈಗೇನಾಗೇತಿ? ಹಿಂಗ ನೀಡಿದ್ರ ಯಾರರ ಉಣ್ತಾರೇನ?"

ಸುತ್ತ ಇದ್ದವರು ಕಿಸಕ್ಕೆಂದರು. ನೇತ್ರಾವತಿ ಬಾಯಿ ತೆರೆಯುವಷ್ಟರಲ್ಲಿ ಫಕೀರಮ್ಮ ಮುಂದೆ ಬಂದಳು. ಗಂಡನ ಅಕ್ಕನ ಎದುರು ಎಂದೂ ದನಿ ಎತ್ತಿದವಳಲ್ಲ.

"ಉಣ್ಣಾಕ ಕುಂತವ್ರನ್ನ ನೋಡ ಯಕ್ಕಾ. ಒಬ್ಬರರ ಎದ್ದು ಹೋಗ್ಯಾರೇನ?"

ಹನುಮಕ್ಕ ಬಗ್ಗಿ ನೋಡಿದಳು. ಸಾಲಿನಲ್ಲಿ ಕೂತವರೆಲ್ಲ ತಲೆ ತಗ್ಗಿಸಿ ಗಡದ್ದಾಗಿ ಉಣ್ಣುತ್ತಿದ್ದರು.

ಅಷ್ಟರಲ್ಲಿ ಪ್ರದರ್ಶನದ ಉಸ್ತುವಾರಿ ನೋಡುತ್ತಿದ್ದ ಉಮಾಪತಿ ಮಾಸ್ತರರು ಹತ್ತಿರ ಬಂದರು. "ಕೆತ್ತನಿ ಭಾಳ ಛಲೋ ಐತಿ. ಯಾರು ಮಾಡ್ಯಾರ್ರಿ?"

ನೇತ್ರಾವತಿ ತಾಯಿಯ ಮುಖ ನೋಡಿದಳು.

"ನನ್ನ ಮಗಳು ಮಾಡ್ಯಾಳ್ರೀ" ಎಂದಳು ಫಕೀರಮ್ಮ. ಒಮ್ಮೆ ಸುತ್ತ ನಿಂತವರನ್ನೆಲ್ಲ ನೋಡಿ, ಬಾಗಿಲ ತನಕ ಕೇಳುವಷ್ಟು ಗಟ್ಟಿಯಾಗಿ ಸೇರಿಸಿದಳು: "ಎಡಗೈಲೆ!"