ಬಂಡೆಯ ಮೇಲೆ ಕೂತ ರೊಸೇರ್

ಮೋರಿನ್ ಜಲಪಾತದ ಹತ್ತಿರ ಕಾರು ನಿಲ್ಲಿಸಲೇಬಾರದು ಎಂದು ಸೆಸೀಲ್ ಮನೆಯಿಂದ ಹೊರಡುವಾಗಲೇ ಗಟ್ಟಿ ಮಾಡಿಕೊಂಡಿದ್ದಳು. ಆದರೆ ಘಾಟಿಯ ತಿರುವು ಕಣ್ಣಿಗೆ ಬಿದ್ದದ್ದೇ ತಡ, ರೊಸೇರ್ ಕಿಟಕಿಯ ಗಾಜನ್ನು ಅಂಗೈಯಿಂದ ಬಡಿಯತೊಡಗಿದ.

"ನಿಲ್ಸು ಸಿಸಿ, ನಿಲ್ಸು! ಅಮ್ಮ ಇಲ್ಲಿ ಯಾವಾಗ್ಲೂ ನಿಲ್ಲಿಸ್ತಿದ್ಳು."

"ಸರಿ ಮಾರಾಯ, ಗಾಜು ಒಡೀಬೇಡ. ಸ್ಯಾಂಡ್‌ವಿಚ್ ತಿಂದು ಎದ್ದುಬಿಡ್ಬೇಕು, ಅಷ್ಟೇ."

ರೊಸೇರ್ ಅವಳ ಒಬ್ಬನೇ ತಮ್ಮ. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಇದ್ದವನು. ಐವತ್ತು ದಾಟಿದ್ದರೂ ಅಮ್ಮನನ್ನು ಒಂದು ದಿನವೂ ಬಿಟ್ಟಿದ್ದವನಲ್ಲ. ಫೆಬ್ರವರಿಯ ಹಿಮದಲ್ಲಿ ಅಮ್ಮ ತೀರಿಕೊಂಡ ಮೇಲೆ ಸೆಸೀಲ್ ಅವನನ್ನು ತನ್ನ ಮನೆಗೆ ಕರೆದುಕೊಂಡು ಬಂದಳು. ಅವಳೋ ಗಂಡ ಸತ್ತು ಒಂಟಿಯಾದವಳು, ಎಪ್ಪತ್ತರ ಹೊಸ್ತಿಲಲ್ಲಿದ್ದವಳು, ಸೊಂಟದ ಕೀಲು ಸವೆದು ಮೆಟ್ಟಿಲು ಹತ್ತಲೂ ಒದ್ದಾಡುವವಳು. ರೊಸೇರ್ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದಾಗ ಅವನನ್ನು ಎತ್ತಲಾಗದೆ, ಪಕ್ಕದ ಮನೆಯವರು ಬರುವವರೆಗೂ ಅವಳು ಅವನ ಜೊತೆ ಒದ್ದೆ ನೆಲದ ಮೇಲೇ ಕೂತಿದ್ದಳು. ಆಮೇಲೂ ಹಾಗೇ ಒಮ್ಮೆ ಆಯಿತು. ಕೊನೆಗೆ ಬೆಟ್ಟದ ಆಚೆ ಅವನಂಥವರು ಐದಾರು ಜನ ಒಟ್ಟಿಗೆ ಇರುವ ಒಂದು ಮನೆಯಲ್ಲಿ ಜಾಗ ಸಿಕ್ಕಿತು. ಇವತ್ತು ಅಲ್ಲಿಗೇ ಹೊರಟಿದ್ದರು. ಆದರೆ ಅವಳು ಅವನಿಗೆ ಹೇಳಿದ್ದು, "ಒಂದು ಮನೆ ನೋಡ್ಕೊಂಡು ಬರೋಣ" ಎಂದಷ್ಟೇ.

ಜಲಪಾತ ಹೆದ್ದಾರಿಗೆ ಅಂಟಿಕೊಂಡೇ ಇತ್ತು. ಸ್ಪ್ರೂಸ್ ಮರಗಳ ನಡುವಿನ ಕರಿಬಂಡೆಯಿಂದ ಬಿದ್ದ ನೀರು ಕೆಳಗೆ ಮಡುವಾಗಿ, ಅಲ್ಲಿಂದ ರಸ್ತೆಯಡಿಯ ಮೋರಿಯೊಳಗೆ ನುಗ್ಗುತ್ತಿತ್ತು. ಮೇ ತಿಂಗಳು ಬಂದಿದ್ದರೂ ಮರಗಳ ಬುಡದ ನೆರಳಿನಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಮಡುವಿನ ನಡುವೆ ಒಂದು ಚಪ್ಪಟೆ ಬಂಡೆ. ಬೇಸಿಗೆಯಲ್ಲಿ ಅಮ್ಮ ಅದರ ಮೇಲೆ ಕೂತು ಇಬ್ಬರಿಗೂ ಮೊಟ್ಟೆಯ ಸ್ಯಾಂಡ್‌ವಿಚ್ ಹಂಚುತ್ತಿದ್ದಳು. ರೊಸೇರ್ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಅಲ್ಲಿಗೆ ಹೋಗಿ ಕೂತ. ಸೆಸೀಲ್‌ಗೆ ಆ ಕಲ್ಲುಗಳ ಮೇಲೆ ನಡೆಯುವ ಧೈರ್ಯವಿಲ್ಲ. ಅವಳು ದಡದಲ್ಲೇ ನಿಂತಳು.

ತಿಂದು ಮುಗಿಯಿತು. "ಬಾರೋ, ಹೊತ್ತಾಯ್ತು" ಎಂದಳು.

"ಬರಲ್ಲ."

"ಯಾಕೋ?"

"ಬೇಸಿಗೆ ಬರ್ತಾ ಇದೆ. ನನ್ನ ಚಳಿಗಾಲದ ಕೋಟು ಡಿಕ್ಕಿಯಲ್ಲಿ ಯಾಕಿದೆ?"

ಸೆಸೀಲ್ ಡಿಕ್ಕಿಯ ಕಡೆ ತಿರುಗಿ ನೋಡಿದಳು. ಇವನಿಗೆ ಏನೂ ತಿಳಿಯುವುದಿಲ್ಲ ಎಂದುಕೊಂಡು ವಾರಗಟ್ಟಲೆ ತಾನು ಆಡಿದ ನಾಟಕವೆಲ್ಲ ಅವನಿಗೆ ತಿಳಿದೇ ಇತ್ತು.

ಐಸ್‌ಕ್ರೀಮಿನ ಆಸೆ ತೋರಿಸಿದಳು. ಬಿಟ್ಟು ಹೋಗುತ್ತೇನೆಂದು ಕಾರಿನತ್ತ ನಾಲ್ಕು ಹೆಜ್ಜೆ ಹಾಕಿದಳು. ಗದರಿದಳು. ಅವನು ಮುಖ ತಿರುಗಿಸಿ ನೀರು ನೋಡುತ್ತ ಕೂತ. ಬಿಸಿಲಿಗೆ ಮೇಲಿನ ಹಿಮ ಕರಗಿ ಮಧ್ಯಾಹ್ನದ ಮೇಲೆ ಹಳ್ಳ ಏರುತ್ತದೆಂದು ಆ ಸೀಮೆಯಲ್ಲಿ ಹುಟ್ಟಿ ಬೆಳೆದ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನಿಲ್ಲಿಸಿದ್ದಳು. ನೋಡುತ್ತಿದ್ದ ಹಾಗೆಯೇ ಅವನು ದಾಟಿ ಹೋಗಿದ್ದ ಕಲ್ಲುಗಳು ಒಂದೊಂದಾಗಿ ಮುಳುಗಿದವು.

ಅವಳು ರಸ್ತೆಗೆ ಬಂದು ಕೈ ಬೀಸಿದಳು. ಮರದ ದಿಮ್ಮಿ ಹೇರಿಕೊಂಡ ಲಾರಿಯೊಂದು ನಿಂತಿತು. ಗಡ್ಡದ ದಡೂತಿ ಚಾಲಕ, ರಸೆಲ್ ಅಂತ ಹೆಸರು, ಇಳಿದು ಬಂದ.

"ಏನ್ ಮೇಡಂ, ನಿಮ್ಮವರು ಅಲ್ಲೇ ಬಿಡಾರ ಹೂಡ್ಬಿಟ್ರಾ?"

"ನನ್ನ ತಮ್ಮ. ಎಷ್ಟು ಕರೆದ್ರೂ ಬರ್ತಾ ಇಲ್ಲ. ಜೋರು ಮಾಡ್ಬೇಡಿ, ಹೆದರ್ತಾನೆ."

ರಸೆಲ್ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. "ಏ ಗುರುವೇ! ಬಾ ಈ ಕಡೆ, ನನ್ನ ಲಾರಿ ಹಾರ್ನ್ ನೀನೇ ಹೊಡೀವಂತೆ!"

ರೊಸೇರ್‌ನ ಮುಖ ಅರಳಿತು. ಅರ್ಧ ಎದ್ದ. ಅಷ್ಟರಲ್ಲಿ ಅಕ್ಕನ ಕಡೆ ನೋಡಿ ಮತ್ತೆ ಕುಕ್ಕರಿಸಿದ. "ನೀನು ಅವಳ ಕಡೆಯೋನು!"

ರಸೆಲ್ ನಕ್ಕು ನೀರಿಗಿಳಿದ. ತೊಡೆಮಟ್ಟ ಬರುವಷ್ಟರಲ್ಲಿ ಸೆಳೆತಕ್ಕೆ ಕಾಲು ನೆಲೆ ತಪ್ಪಿತು. ಒಂದು ಟೊಂಗೆ ಹಿಡಿದು ಹೇಗೋ ದಡಕ್ಕೆ ಬಿದ್ದವನ ಮುಖದಲ್ಲಿ ನಗು ಉಳಿದಿರಲಿಲ್ಲ.

"ಆಗಲ್ಲ ಮೇಡಂ. ನಾನು ಎಳೆಯೋಕೆ ಹೋದ್ರೆ ಇಬ್ರೂ ಮೋರಿಯೊಳಗೆ. ಇಲ್ಲಿ ಫೋನೂ ಸಿಗಲ್ಲ. ಘಾಟಿ ಮೇಲಕ್ಕೆ ಹೋಗಿ ರಕ್ಷಣೆಯವರಿಗೆ ಹೇಳ್ತೀನಿ. ನೀವು ಮಾತ್ರ ನೀರಿಗೆ ಇಳೀಬೇಡಿ, ಆಯ್ತಾ?"

ಲಾರಿ ಹೋಯಿತು. ಅಕ್ಕ ತಮ್ಮ ಇಬ್ಬರೇ ಉಳಿದರು, ನಡುವೆ ನೀರು. ಅದರ ಅಬ್ಬರದಲ್ಲಿ ಕಿರುಚಿದರೂ ಮಾತು ಅರ್ಧಂಬರ್ಧ ಕೇಳುತ್ತಿತ್ತು.

"ಎಷ್ಟು ದಿನ ಸಿಸಿ?"

"ಏನು?"

"ಅಲ್ಲಿ ಎಷ್ಟು ದಿನ ಇರ್ಬೇಕು ನಾನು?"

ಸ್ವಲ್ಪ ದಿನ ಅಂದುಬಿಡಬಹುದಿತ್ತು. ಅವನ ಬೂಟಿಗೆ ನೀರು ತಾಗುವುದು ಕಾಣುತ್ತಿತ್ತು. ಇಂಥ ಹೊತ್ತಿನಲ್ಲೂ ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. "ಯಾವಾಗ್ಲೂ" ಎಂದಳು.

"ಕೇಳಿಸ್ಲಿಲ್ಲ!"

ಅಡುಗೆಮನೆಯಲ್ಲಿ ಎದುರುಬದುರು ಕೂತಾಗ ಮೆಲ್ಲಗೆ ಹೇಳಲಾಗದ ಮಾತನ್ನು ಈಗ ಗಂಟಲು ಹರಿಯುವ ಹಾಗೆ ಕೂಗಬೇಕಾಯಿತು. "ಯಾವಾಗ್ಲೂ ಕಣೋ! ಇನ್ಮೇಲೆ ಅದೇ ನಿನ್ನ ಮನೆ! ನನ್ನ ಕೈಲಿ ಆಗ್ತಿಲ್ಲ ರೊಸೇರ್!"

ಅವನು ಮೊಣಕಾಲು ಮಡಚಿ ಎದೆಗೆ ಒತ್ತಿಕೊಂಡ. ಸ್ವಲ್ಪ ಹೊತ್ತಿಗೆ ನೀರು ಬಂಡೆಯ ಅಂಚು ದಾಟಿ ಅವನ ಪ್ಯಾಂಟು ಒದ್ದೆಯಾಯಿತು. ಹೆದರಿ ಎದ್ದು ನಿಂತ.

"ಸಿಸಿ, ನಾನೀಗ ಬರ್ತೀನಿ! ಆ ಮನೆಗೂ ಬರ್ತೀನಿ!"

"ಬೇಡ!" ಅವಳು ಚೀರಿದಳು. "ಬರಬೇಡ! ಅಲ್ಲೇ ಕೂತ್ಕೋ!"

"ನೀನೇ ಬಾ ಅಂದ್ಯಲ್ಲಾ!"

"ಈಗ ಬೇಡ ನನ್ನಪ್ಪಾ, ದಮ್ಮಯ್ಯ, ಕಾಲು ಇಡಬೇಡ!"

ಇದು ಎಂಥ ನ್ಯಾಯವೆಂದು ಅವನಿಗೆ ಅರ್ಥವಾಗಲಿಲ್ಲ. ಬಾಯಿ ತೆರೆದು ಜೋರಾಗಿ ಅಳತೊಡಗಿದ. ಸೆಸೀಲ್ ದಡದ ಕೆಸರಿನಲ್ಲಿ ಮಂಡಿಯೂರಿ ಕೈ ಚಾಚಿದಳು. ಅದು ಮುಟ್ಟುವ ದೂರವಲ್ಲ ಎಂದು ಗೊತ್ತಿತ್ತು. ಆದರೂ ಹಿಂದಕ್ಕೆ ತೆಗೆಯಲಿಲ್ಲ. ತೆಗೆದರೆ ಅವನು ನೀರಿಗೆ ಕಾಲಿಟ್ಟುಬಿಡುತ್ತಾನೆಂಬ ಭಯ. ತೋಳು ಮರಗಟ್ಟಿತು. "ನನ್ನ ಕೈ ನೋಡ್ತಿರು" ಎನ್ನುತ್ತಲೇ ಇದ್ದಳು. ಅದೊಂದನ್ನು ಬಿಟ್ಟು ಅವಳಿಂದ ಏನೂ ಸಾಧ್ಯವಿರಲಿಲ್ಲ.

ರಕ್ಷಣೆಯವರು ಬಂದಾಗ ನೀರು ಅವನ ಮೀನಖಂಡದವರೆಗೆ ಏರಿತ್ತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಹೆಂಗಸೊಬ್ಬಳು ಸೆಳೆತವನ್ನು ಸೀಳಿ ಹೋಗಿ, ಅವನಿಗೆ ತೇಲುವ ಅಂಗಿ ತೊಡಿಸಿ ತಬ್ಬಿಕೊಂಡಳು. ದಡದಲ್ಲಿದ್ದವರು ಇಬ್ಬರನ್ನೂ ಎಳೆದುಕೊಂಡರು. ರೊಸೇರ್‌ನ ತುಟಿ ನೀಲಿಗಟ್ಟಿತ್ತು, ಬೇರೇನೂ ಆಗಿರಲಿಲ್ಲ. ವಾಪಸು ಬಂದಿದ್ದ ರಸೆಲ್ "ಹಾರ್ನ್ ಹೊಡಿ ಬಾ ಗುರುವೇ" ಎಂದರೆ ಅವನು ಬೇಡವೆಂದು ತಲೆಯಲ್ಲಾಡಿಸಿದ. ಅಕ್ಕ ಒರೆಸಲು ಬಂದರೆ ಟವಲನ್ನು ಕಿತ್ತುಕೊಂಡು ತಾನೇ ಒರೆಸಿಕೊಂಡ.

ಕಾರನ್ನು ಮನೆಯ ಕಡೆ ತಿರುಗಿಸಬೇಕೆಂದು ಸೆಸೀಲ್‌ಗೆ ಅನಿಸದೆ ಇರಲಿಲ್ಲ. ತಿರುಗಿಸಿದರೆ? ನಾಳೆ ಬಚ್ಚಲಲ್ಲಿ ಬಿದ್ದರೆ ಎತ್ತುವವರು ಯಾರು? ಅವಳು ಬೆಟ್ಟದ ಆಚೆಗೇ ಓಡಿಸಿದಳು.

ಆ ಮನೆಯನ್ನು ನೋಡಿಕೊಳ್ಳುವ ಬೆವರ್ಲಿ ಬಾಗಿಲಲ್ಲೇ ಕಾಯುತ್ತಿದ್ದಳು. "ಬಾ ರೊಸೇರ್, ಊಟ ಬಿಸಿಯಾಗಿದೆ, ಎಲ್ಲರೂ ನಿನಗೋಸ್ಕರ ಕಾಯ್ತಿದಾರೆ" ಎಂದಳು.

ರೊಸೇರ್ ಒಳಗೆ ಇಣುಕಿದ. ಮೇಜಿನ ಸುತ್ತ ಕೂತವರನ್ನು ನೋಡಿದ. ಆಮೇಲೆ ಅಕ್ಕನತ್ತ ಬೆರಳು ಮಾಡಿ ಬೆವರ್ಲಿಯನ್ನು ಕೇಳಿದ: "ಇವಳು ಯಾರ ಜೊತೆ ಊಟ ಮಾಡ್ತಾಳೆ?"

ಬೆವರ್ಲಿ ಸೆಸೀಲ್‌ಳ ಮುಖ ನೋಡಿದಳು. ಸೆಸೀಲ್ ನೆಲ ನೋಡಿದಳು. ರೊಸೇರ್ ಒಳಗೆ ಹೋದ.

ಆಮೇಲಿನ ಭಾನುವಾರಗಳಲ್ಲಿ ಅವಳು ತಪ್ಪದೆ ಹೋದಳು. ಅವನು ತನ್ನ ಕೋಣೆ ತೋರಿಸಿದ, ಹೊಸ ಗೆಳೆಯರ ಹೆಸರು ಹೇಳಿದ. ಮನೆಗೆ ಕರೆದುಕೊಂಡು ಹೋಗು ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಏನು ಹೇಳುವುದೆಂದು ಅವಳು ಮಾತ್ರ ಹೋಗುವ ದಾರಿಯುದ್ದಕ್ಕೂ ಯೋಚಿಸುತ್ತಲೇ ಇರುತ್ತಿದ್ದಳು.